ಜೋಡಿ ಗೊಂಬೆಯ ಸೆಟ್‌ನಲ್ಲಿ ನನಗೆ ಬೇಕಿದ್ದದ್ದು ಒಂದೇ, ಇನ್ನೊಂದನ್ನು ಮಾರಿಬಿಡಲೇ?

ಸ್ಟಾರ್ ವಾರ್ಸ್ ಅನ್ನೋ ಅಮೆರಿಕದ ಸಿನಿಮಾ ಸರಣಿಯ ಎರಡು ಗೊಂಬೆಯ ಸೆಟ್ ತಗೊಂಡಿದ್ದೀರಿ. ಅದರಲ್ಲಿ ನಿಮಗೆ ಬೇಕಿದ್ದದ್ದು ಒಂದೇ, ಇನ್ನೊಂದು ಯಾರು ಅಂತಲೂ ಗೊತ್ತಿಲ್ಲ. ಅದನ್ನು ಮಾರಿ ಅರ್ಧ ದುಡ್ಡು ವಾಪಸ್ ಪಡೆಯಬಹುದಾ, ಡಬ್ಬಿ ಒಡೆದರೆ ಬೆಲೆ ಹೋಗುತ್ತಾ ಅಂತ ಕೇಳಿದ್ದೀರಿ. ನನ್ನ ಉತ್ತರ ಇಷ್ಟು: ಡಬ್ಬಿ ಧಾರಾಳವಾಗಿ ಒಡೆಯಿರಿ, ಜೋಡಿ ಮಾತ್ರ ಒಡೆಯಬೇಡಿ.

ನಾನು ಕೊಪ್ಪಳದವನು. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಬಂತು ಅಂದ್ರೆ ಕುಂಬಾರರ ಮನೆ ಮುಂದೆ ಎತ್ತುಗಳು ಸಾಲಾಗಿ ನಿಂತಿರುತ್ತವೆ. ಎಲ್ಲವೂ ಜೋಡಿ ಜೋಡಿ. ನಾನು ಸಣ್ಣವನಿದ್ದಾಗ ಮನೆಗೆ ತರುವ ದಾರಿಯಲ್ಲೇ ಒಂದು ಎತ್ತಿನ ಕೋಡು ಮುರಿದೆ. ಅವ್ವ ಅದೊಂದನ್ನೇ ಬದಲಿಸಿಕೊಂಡು ಬರೋಣ ಅಂತ ವಾಪಸ್ ಹೋದಳು. ಕುಂಬಾರಜ್ಜ ಕೊಡಲಿಲ್ಲ. "ಒಂದು ಕೊಟ್ರ ನನ್ನತ್ರ ಉಳಿಯೋದನ್ನ ಯಾರು ಒಯ್ತಾರವ್ವ?" ಅಂದ. ಆಮೇಲೆ ಇನ್ನೊಂದು ಜೋಡಿಯನ್ನೇ ತಂದು ಪೂಜೆ ಮಾಡಿದೆವು. ಆ ಅಜ್ಜನ ಮಾತು ಪೂರ್ತಿ ತಿಳಿಯಲು ನನಗೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು, ಅದನ್ನೂ ಹೇಳುತ್ತೇನೆ.

ಮೊದಲು, ಕಂಪನಿಗಳು ಯಾಕೆ ಎರಡೆರಡು ಸೇರಿಸಿ ಮಾರುತ್ತವೆ ಅನ್ನೋದು. 1978ರಲ್ಲಿ ಅಮೆರಿಕದ ಕೆನ್ನರ್ ಕಂಪನಿ ಸ್ಟಾರ್ ವಾರ್ಸ್ ಗೊಂಬೆಗಳನ್ನು ಮಾರಾಟಕ್ಕೆ ತಂದಾಗ ಮೊದಲ ಸಾಲಿನಲ್ಲಿ ಇದ್ದದ್ದು 12. ಎತ್ತರ ಮೂರೂಮುಕ್ಕಾಲು ಇಂಚಿನ ಲೆಕ್ಕ, ಅಂದರೆ ನಮ್ಮ ತೋರುಬೆರಳಿಗಿಂತ ಸ್ವಲ್ಪ ಉದ್ದ. ಅಷ್ಟು ಚಿಕ್ಕದು ಮಾಡಿದ್ದಕ್ಕೇ ಗೊಂಬೆಯನ್ನು ಕೂರಿಸುವಂಥ ಆಕಾಶನೌಕೆಗಳನ್ನೂ ಮಕ್ಕಳ ಕೈಗೆ ಹಿಡಿಯುವ ಗಾತ್ರದಲ್ಲಿ ಮಾಡಿ ಮಾರಲು ಆಯಿತು. ಪ್ಲಾಸ್ಟಿಕ್ ಗೊಂಬೆಯಲ್ಲಿ ದೊಡ್ಡ ಖರ್ಚು ಉಕ್ಕಿನ ಅಚ್ಚಿನದು. ಒಮ್ಮೆ ಅಚ್ಚು ಮಾಡಿಸಿದ ಮೇಲೆ ಅದೇ ಕೈಕಾಲಿಗೆ ಬೇರೆ ತಲೆ, ಬೇರೆ ಬಣ್ಣ ಕೊಟ್ಟು ಇನ್ನೊಬ್ಬನನ್ನು ಮಾಡಬಹುದು. ಆ ಇನ್ನೊಬ್ಬ ಕಥೆಯಲ್ಲಿ ಎರಡೇ ಪುಟಕ್ಕೆ ಬಂದು ಹೋಗುವವನಾದರೆ ಒಂಟಿಯಾಗಿ ಮಾರಾಟವಾಗುವುದಿಲ್ಲ. ಹೆಸರಿರುವವನ ಪಕ್ಕ ನಿಲ್ಲಿಸಿದರೆ ಆಗುತ್ತಾನೆ. ಹೀಗಾಗಿ ನಿಮಗೆ ಗೊತ್ತಿಲ್ಲದ ಆ ಎರಡನೆಯವನು ಬೇರೆ ಯಾವ ಡಬ್ಬಿಯಲ್ಲೂ ಬರದೇ ಇರಬಹುದು. ಮಾರುವ ಮುಂಚೆ ಇದನ್ನೊಂದು ವಿಚಾರಿಸಿ ನೋಡಿ.

ಇದು ಬರೀ ವ್ಯಾಪಾರದ ಲೆಕ್ಕವೂ ಅಲ್ಲ. ಕೆಲವು ಜೋಡಿಗಳನ್ನು ಬೇರೆ ಮಾಡಿದರೆ ಗೊಂಬೆಯ ಅರ್ಥವೇ ಹೋಗುತ್ತದೆ. ರೂಪ ಬದಲಿಸುವ ರೋಬೋ ಗೊಂಬೆಗಳು ಟ್ರಾನ್ಸ್‌ಫಾರ್ಮರ್ಸ್; 2019ರಲ್ಲಿ ಅವುಗಳ ಸೀಜ್ ಅನ್ನೋ ಸಾಲಿನಲ್ಲಿ ಮೈಕ್ರೋಮಾಸ್ಟರ್ ಅಂತ ಪುಟ್ಟ ರೋಬೋಗಳು ಎರಡೆರಡಾಗಿ ಬಂದವು. ಒಂದೊಂದೂ ಒಂದೂವರೆ ಇಂಚು. ಕಾರೋ ವಿಮಾನವೋ ಆಗಿ ಮಡಚಿಕೊಳ್ಳುತ್ತವೆ, ಎರಡನ್ನೂ ಸೇರಿಸಿದರೆ ದೊಡ್ಡ ರೋಬೋನ ಕೈಗೆ ಹಿಡಿಸುವ ಆಯುಧ. ಇಂಥವೇ 1989ರಲ್ಲಿ ನಾಲ್ಕರ ತಂಡವಾಗಿ ಒಂದೇ ಪ್ಯಾಕಿನಲ್ಲಿ ಸಿಗುತ್ತಿದ್ದವು. ಸೀಜ್‌ನಲ್ಲಿ ಎರಡಕ್ಕೆ ಇಳಿದವು. ಅದರಲ್ಲೂ ಒಂದನ್ನು ಕೊಟ್ಟುಬಿಟ್ಟರೆ ಉಳಿದದ್ದು ಅರ್ಧ ಬಂದೂಕು!

ಈಗ ನನ್ನ ಕಥೆ. ಸೋದರಮಾವನ ಮಗ ಅಮೆರಿಕದಿಂದ ರಜೆಗೆ ಬಂದಾಗ ಹಾಸ್‌ಬ್ರೋ ಅನ್ನೋ ಆಟಿಕೆ ಕಂಪನಿಯ ಸ್ಟಾರ್ ವಾರ್ಸ್ ಕಾಮಿಕ್ ಪ್ಯಾಕ್ ಒಂದನ್ನು ತಂದುಕೊಟ್ಟಿದ್ದ. ಎರಡು ಗೊಂಬೆ, ಜೊತೆಗೆ ಅವರಿಬ್ಬರ ಕಥೆಯ ಕಾಮಿಕ್ ಪುಸ್ತಕ. ಒಬ್ಬ ಕಿರ್ ಕಾನೋಸ್, ಇನ್ನೊಬ್ಬ ಕಾರ್ನರ್ ಜ್ಯಾಕ್ಸ್. ಸಿನಿಮಾದಲ್ಲಿ ಇವರ ಹೆಸರೇ ಬರುವುದಿಲ್ಲ. ಇಬ್ಬರೂ ಚಕ್ರವರ್ತಿಯ ಕೆಂಪು ನಿಲುವಂಗಿಯ ಕಾವಲುಪಡೆಯವರು. ಜ್ಯಾಕ್ಸ್ ದ್ರೋಹ ಮಾಡಿ ತನ್ನ ಜೊತೆಗಾರರನ್ನೇ ಕೊಲ್ಲಿಸುತ್ತಾನೆ. ಕಾನೋಸ್ ತಪ್ಪಿಸಿಕೊಂಡು ಸೇಡಿಗೆ ಹೊರಡುತ್ತಾನೆ. ನನಗೆ ಕಾನೋಸ್ ಅಂದ್ರೆ ಪ್ರಾಣ. ಜ್ಯಾಕ್ಸ್ ಮೇಲೆ ನಿಜವಾಗಿ ಸಿಟ್ಟಿತ್ತು. ಅದೇ ಸಿಟ್ಟಿನಲ್ಲಿ, ಸ್ವಲ್ಪ ದುಡ್ಡಿನ ಅಡಚಣೆಯೂ ಇತ್ತು ಅನ್ನಿ, ಏಳುನೂರು ರೂಪಾಯಿಗೆ ಜ್ಯಾಕ್ಸ್‌ನನ್ನು ಪುಣೆಯ ಕಡೆಯ ಒಬ್ಬರಿಗೆ ಕಳಿಸಿಕೊಟ್ಟೆ.

ಒಂದು ವಾರ ಏನೂ ಅನಿಸಲಿಲ್ಲ. ಆಮೇಲೆ ಧೂಳು ಒರೆಸಲು ಡಬ್ಬಿ ಇಳಿಸಿದೆ. ಒಳಗಿನ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಬ್ಬರ ಮೈ ಅಳತೆಗೆ ಎರಡು ಗುಳಿ ಇರುತ್ತವಲ್ಲ, ಅದರಲ್ಲಿ ಒಂದು ಖಾಲಿ. ತಲೆಯ ಗುಂಡು, ಭುಜ, ಸ್ವಲ್ಪ ಅಗಲಿಸಿದ ಕಾಲು, ಎಲ್ಲಾ ಹಾಗೇ ಇದೆ. ನಮ್ಮ ಕಡೆ ಫ್ಯಾಕ್ಟರಿ ಬೂದಿ ಕಿಟಕಿ ಹಾಕಿದ್ದರೂ ಒಳಗೆ ಬರುತ್ತದೆ. ಆ ಬೂದಿ ಗುಳಿಯ ತಳದಲ್ಲಿ ಸರಿಯಾಗಿ ಜ್ಯಾಕ್ಸ್‌ನ ಆಕಾರದಲ್ಲೇ ಕೂತಿತ್ತು. ಪಕ್ಕದಲ್ಲಿ ಕಾನೋಸ್ ಯಾರ ಮೇಲೆ ಆಯುಧ ಎತ್ತಿದ್ದಾನೆ? ಯಾರೂ ಇಲ್ಲ. ಆವತ್ತು ಕುಂಬಾರಜ್ಜ ಹೇಳಿದ್ದು ನೆನಪಾಯಿತು. ತಗೊಂಡವರಿಗೆ ಬರೆದೆ, ಅವರು ಅದನ್ನು ಆಗಲೇ ಇನ್ನೊಬ್ಬರಿಗೆ ದಾಟಿಸಿದ್ದರು. ಇವತ್ತಿಗೂ ಆ ಗುಳಿ ತುಂಬಿಲ್ಲ. ಪೂರ್ತಿ ಸೆಟ್ ಬೇಕಾದರೆ ಮಾರುತ್ತಾರೆ, ಜ್ಯಾಕ್ಸ್ ಒಬ್ಬನನ್ನೇ ಕೇಳಿದರೆ ಯಾರೂ ಕೊಡುವುದಿಲ್ಲ. ಅವರು ಮಾಡುವುದೂ ಸರಿಯೇ.

ಡಬ್ಬಿಯ ವಿಷಯ. ಒಡೆಯದ ಡಬ್ಬಿಗೆ ಬೆಲೆ ಜಾಸ್ತಿ, ನಿಜ. ಆದರೆ ನೀವು ಮಾರಲು ತಗೊಂಡಿಲ್ಲ ಅಲ್ವಾ? ನಮ್ಮ ಊರುಗಳ ಬಿಸಿಲಿಗೆ ಡಬ್ಬಿಯೊಳಗೇ ಬಿಟ್ಟರೆ ಇನ್ನೊಂದು ತೊಂದರೆಯೂ ಇದೆ. ಕೊಪ್ಪಳ, ರಾಯಚೂರಿನ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಗೊಂಬೆಗೆ ಬಳಸುವ ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್‌ನಲ್ಲಿ ಅದು ಬಾಗಲಿ ಅಂತ ಒಂದು ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ಸೆಕೆಗೆ ಅದು ನಿಧಾನಕ್ಕೆ ಹೊರಗೆ ಬರುತ್ತದೆ, ಗೊಂಬೆ ಕೈಗೆ ಅಂಟಂಟಾಗುತ್ತದೆ. ಗಾಳಿ ಆಡದ ಡಬ್ಬಿಯಲ್ಲಿ, ಕ್ಯಾರಿಬ್ಯಾಗಿನಲ್ಲಿ ಇದು ಇನ್ನೂ ಜಾಸ್ತಿ. ಮೆತ್ತಗಿನ ಮೇಲಂಗಿ ಗಟ್ಟಿ ಪ್ಲಾಸ್ಟಿಕ್‌ಗೆ ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಅಲ್ಲಿ ಕಲೆ ಬೀಳುತ್ತದೆ. ಜೋಡಿ ಸೆಟ್‌ನಲ್ಲಿ ಇಬ್ಬರನ್ನೂ ಮೈಗೆ ಮೈ ತಾಗಿಸಿ ಇಡಬೇಡಿ. ರಬ್ಬರ್ ಬ್ಯಾಂಡ್ ಹಾಕಿ ಆಯುಧ ಕಟ್ಟಬೇಡಿ, ಅದು ಕರಗಿ ಬಣ್ಣಕ್ಕೆ ಮೆತ್ತಿಕೊಳ್ಳುತ್ತದೆ. ಅಂಟಾಗಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಎರಡು ಹನಿ ಹಾಕಿ, ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿ. ಕತ್ತಿ ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಅರ್ಧ ನಿಮಿಷ ಹಿಡಿದು, ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಅದ್ದಿ. ಹಾಗೇ ನಿಲ್ಲುತ್ತದೆ. ಬಿಗಿಯಾದ ಮೊಣಕಾಲಿಗೂ ಇದೇ ಬಿಸಿನೀರು. ಸುಮ್ನೆ ಜೋರು ಮಾಡಿದರೆ ಕೀಲು ಮುರಿಯುತ್ತದೆ.

ಇನ್ನೊಂದು ಸೆಟ್ ತಗೊಳ್ಳುವ ಯೋಚನೆ ಇದ್ದರೆ ದರ ನೋಡಿ ಗಾಬರಿಯಾಗಬೇಡಿ. ಹೊರದೇಶದ ಆಟಿಕೆಗಳ ಮೇಲಿನ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70ಕ್ಕೆ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತೂ ಕಡ್ಡಾಯವಾಯಿತು. ಅದಕ್ಕೇ ನಾನು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ತಗೊಳ್ಳುತ್ತೇನೆ. ಆಗ ಪಾದದ ಅಡಿ ಅಥವಾ ಕಾಲಿನ ಹಿಂದೆ ಕಂಪನಿಯ ಹೆಸರು, ಇಸವಿ ಒತ್ತಿರುವುದರ ಫೋಟೋ ಕೇಳಿ. ಕಣ್ಣಿನ ಬಣ್ಣ ಹತ್ತಿರದಿಂದ ತೋರಿಸಲು ಹೇಳಿ, ನಕಲಿಯಲ್ಲಿ ಅದೇ ಮೊದಲು ಹರಡಿರುತ್ತದೆ. ಯಾವ ಆಯುಧ ಯಾರದು ಅಂತಲೂ ಕೇಳಿ. ಜೋಡಿ ಸೆಟ್‌ನಲ್ಲಿ ಅದಲುಬದಲಾಗುವುದು ಅದೇ. (ನಮ್ಮ ಜಿಲ್ಲೆಯಲ್ಲೇ ಭಾನಾಪುರದ ಹತ್ತಿರ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಬಸ್ಸಿನಲ್ಲಿ ಆ ಕಡೆ ಹೋಗುವಾಗೆಲ್ಲ ಕಿಟಕಿಯಿಂದ ನೋಡುತ್ತೇನೆ. ಇಂಥ ಒಂದು ಜೋಡಿ ನಮ್ಮ ಮಣ್ಣಲ್ಲೇ ತಯಾರಾಗಿ ಬರಲಿ ಅಂತ ಬಹಳ ಆಸೆ ಇದೆ.)

ಆ ಎರಡನೆಯವನನ್ನು ಏನು ಮಾಡುವುದು ಅಂತ ತಿಳಿಯದಿದ್ದರೆ ಹೀಗೆ ಮಾಡಿ. ನನ್ನ ಹತ್ತಿರ ಏಲಿಯನ್, ಪ್ರೆಡೇಟರ್ ಅನ್ನೋ ಸಿನಿಮಾ ರಾಕ್ಷಸರ ಗೊಂಬೆ ಜೋಡಿ ಇದೆ, ಡಬ್ಬಿ ಇಲ್ಲದ್ದು. ಅವಕ್ಕೆ ನಿಲ್ಲಲು ಮಣೆ ಬೇಕಿತ್ತು. ಕಿನ್ನಾಳಕ್ಕೆ ಒಯ್ದೆ. ಹಗುರ ಮರದಲ್ಲಿ ಕೆತ್ತಿ, ಹುಣಸೆಬೀಜದ ಅಂಟು ಬಳಸಿ ಬಣ್ಣದ ಗೊಂಬೆ ಮಾಡುವ ಚಿತ್ರಗಾರರ ಊರು ಅದು, ಕೊಪ್ಪಳಕ್ಕೆ ಹತ್ತಿರ. ಅಲ್ಲಿ ಒಬ್ಬ ಹಿರಿಯರು ಎರಡನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಇವು ಯಾರು, ಯಾವ ದೇಶದವು ಅಂತ ಕೇಳಲಿಲ್ಲ. "ಇವು ಒಂದರ ಮಕ ಒಂದು ನೋಡ್ಬೇಕೋ, ಮಂದಿ ಕಡೆ ನೋಡ್ಬೇಕೋ?" ಅಂತ ಕೇಳಿದರು. ಒಂದರ ಮುಖ ಒಂದು ಅಂದೆ. ಹಾಗಾದರೆ ಮಣೆ ಒಂದೇ ಇರಲಿ, ಎರಡು ಬೇಡ ಅಂದರು. ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಪಾದದ ತೂತಿಗೆ ಸರಿಯಾಗಿ ಸಣ್ಣ ಗೂಟ ಇಟ್ಟುಕೊಟ್ಟರು. ನಿಮ್ಮವರಿಬ್ಬರನ್ನೂ ಒಂದು ವಾರ ಹಾಗೆ ಎದುರುಬದುರು ನಿಲ್ಲಿಸಿ, ಜೊತೆಗೆ ಬಂದ ಪುಸ್ತಕ ಇದ್ದರೆ ಓದಿ. ಆ ಗೊತ್ತಿಲ್ಲದವನು ಯಾರು ಅಂತ ಅದರಲ್ಲೇ ಇರುತ್ತದೆ.

ಆಮೇಲೂ ಬೇಡ ಅನಿಸಿದರೆ ಇಬ್ಬರನ್ನೂ ಒಟ್ಟಿಗೆ ಮಾರಿ. ಆಯುಧ, ಪುಸ್ತಕ, ಒಳಗಿನ ತಟ್ಟೆ ಎಲ್ಲಾ ಸೇರಿಸಿ ಕೊಡಿ. ಡಬ್ಬಿ ದೊಡ್ಡದಾಗಿ ಕೊರಿಯರ್ ಖರ್ಚು ಜಾಸ್ತಿ ಆಗುತ್ತೆ ಅಂದ್ರೆ ಹೊರಗಿನ ರಟ್ಟನ್ನು ಮಡಚಿ ಚಪ್ಪಟೆ ಮಾಡಿ ಕಳಿಸಿ, ತಟ್ಟೆಯನ್ನು ಮಾತ್ರ ಮಡಚಬೇಡಿ. ನಿಮ್ಮ ಸೆಟ್‌ನಲ್ಲಿ ಇರುವವರು ಅದೇ ಕಾನೋಸ್, ಜ್ಯಾಕ್ಸ್ ಆಗಿದ್ದರೆ ಬೇರೆಯವರಿಗೆ ಹೇಳುವ ಮುಂಚೆ ನನಗೊಂದು ಮಾತು ತಿಳಿಸಿ. ನಾನು ಇಬ್ಬರನ್ನೂ ತಗೊಳ್ಳುತ್ತೇನೆ.