ಎರಕ ಅಂದರೆ ಏನು? ಲೋಹದ ಎಲ್ಲ ಕೆಲಸಕ್ಕೂ ಈ ಪದ ಬಳಸಬಹುದಾ?

ಹಳೆಯ ಪುಸ್ತಕದಲ್ಲಿ ‘ಎರಕದ ವಿಗ್ರಹ’ ಅಂತ ಓದಿ, ಎರಕ ಅಂದರೆ ಲೋಹದ ಕೆತ್ತನೆಯಾ ಎಂದು ಕೇಳಿದ್ದೀರಿ. ಕೆತ್ತನೆ ಅಲ್ಲ. ಕರಗಿಸಿದ ಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ್ದು ಎರಕ. ತಲೆಗೆ ನೀರು ಎರೆಯುತ್ತೇವಲ್ಲ, ಆ ‘ಎರೆ’ಯಿಂದಲೇ ಬಂದ ಪದ ಇದು.

ಹಾಗಾಗಿ ಸುತ್ತಿಗೆಯಲ್ಲಿ ಬಡಿದು ಮಾಡಿದ ತಾಮ್ರದ ಹಂಡೆ ಎರಕದ್ದಲ್ಲ. ಗುಡಿಯ ಕಂಚಿನ ಗಂಟೆ ಎರಕದ್ದು. ದೋಸೆ ಕಾವಲಿಯಲ್ಲೂ ಎರಡು ಬಗೆ ಇವೆ. ಬಡಿದ ಕಬ್ಬಿಣದ್ದು ಕೈಜಾರಿ ಬಿದ್ದರೆ ಸೊಟ್ಟಗಾಗಬಹುದು, ಎರಕದ್ದು ಒಡೆದೇ ಹೋಗಬಹುದು. ಬಿದರಿ ಹೂಜಿಯಲ್ಲಿ ಎರಡು ಕಸುಬು ಸೇರಿವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಹೊಯ್ದ ಹೂಜಿಯ ಮೈ ಎರಕ. ಅದರ ಮೇಲೆ ಬೆಳ್ಳಿ ತಂತಿ ಕೂರಿಸುವುದು ಕುಸುರಿ. ಈ ವ್ಯತ್ಯಾಸ ಉಳಿಸಿಕೊಳ್ಳಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಎಲ್ಲವನ್ನೂ ಸುಮ್ನೆ ‘ಲೋಹದ ಕೆಲಸ’ ಅಂದುಬಿಟ್ಟರೆ ಯಾರ ಕೈ ಏನು ಮಾಡಿತು ಅನ್ನುವುದೇ ತಿಳಿಯುವುದಿಲ್ಲ, ಅಲ್ವಾ?

ವಿಗ್ರಹದ ಎರಕ ಇನ್ನೂ ಸೊಗಸು. ಮೊದಲು ಜೇನುಮೇಣದಲ್ಲಿ ಇಡೀ ಮೂರ್ತಿ ಮಾಡುತ್ತಾರೆ. ಕಣ್ಣು, ಉಗುರು, ಒಡವೆ ಎಲ್ಲ ಮೇಣದಲ್ಲೇ. ಮೇಲೆ ನುಣುಪಾದ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸುತ್ತಾರೆ. ಮೇಣ ಕರಗಿ ಹೊರಗೆ ಹರಿಯುತ್ತದೆ. ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣು ಒಡೆಯಲೇಬೇಕು. ಅಂದರೆ ಒಂದು ಅಚ್ಚಿಗೆ ಒಂದೇ ಮೂರ್ತಿ. ಲೋಹ ಎಷ್ಟು ಬೇಕು ಅನ್ನುವುದನ್ನು ಮೇಣ ತೂಗಿಯೇ ಲೆಕ್ಕ ಹಾಕುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲೇ ಈ ಲೆಕ್ಕ ಇದೆ. ಬೆಳ್ಳಿಯಾದರೆ ಮೇಣದ 12 ಪಟ್ಟು ತೂಕ, ಚಿನ್ನವಾದರೆ 16 ಪಟ್ಟು. ನಮ್ಮ ನಾಗಮಂಗಲದಲ್ಲೂ ವಿಗ್ರಹ ಎರಕದ ಕಸುಬಿಗೆ ಹೆಸರಿದೆ.

ಹಳಗನ್ನಡ ಕಾವ್ಯ ಓದುವಾಗ ಒಂದು ಎಚ್ಚರ ಬೇಕು. ಅಲ್ಲಿ ‘ಎರಕ’ ಅನ್ನುವುದಕ್ಕೆ ಇನ್ನೊಂದು ಅರ್ಥವೂ ಇದೆ. ಅದು ಒಲವು, ಪ್ರೀತಿ. ಹಿಂದುಮುಂದಿನ ಸಾಲು ನೋಡಿಯೇ ತೀರ್ಮಾನಿಸಬೇಕು.

ನೀವು ಬರೆಯುವಾಗ ‘ಎರಕ ಹೊಯ್ಯು’ ಅಂತಲೇ ಬರೆಯಿರಿ. ಮಗ ಥೇಟ್ ಅಪ್ಪನಂತಿದ್ದರೆ ‘ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದಾನೆ’ ಅನ್ನುವುದಕ್ಕೂ ಇದು ಚೆನ್ನಾಗಿ ಒಗ್ಗುತ್ತದೆ.