ಕಾರು ಬೇಡ ಅಂದಿಲ್ಲ, ಬಸ್ಸನ್ನ ಮರೀಬೇಡಿ ಅಂದೆ

ಹೋದ ಸಂಚಿಕೆಲಿ ಬಸ್ ಸ್ಟ್ಯಾಂಡ್ ಬಗ್ಗೆ ಬಂದ ಲೇಖನ ಓದಿ ತೀರ್ಥಹಳ್ಳಿ ಕಡೆಯ ಓದುಗರೊಬ್ರು ಸಿಟ್ಟಲ್ಲೇ ಬರ್ದಿದ್ದಾರೆ: "ನಿಮ್ಮ ಪತ್ರಿಕೆಗೆ ಕಾರು ಅಂದ್ರೆ ದುಡ್ಡಿದ್ದೋರ ಶೋಕಿ. ರಾತ್ರಿ ಅಪ್ಪನಿಗೆ ಎದೆನೋವು ಬಂದಾಗ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿದ್ದು ನಮ್ಮ ಹಳೇ ಮಾರುತಿ, ಅಪ್ಪ ಈಗ್ಲೂ ತೋಟಕ್ಕೆ ಹೋಗ್ತಾರೆ. ನಮ್ಮಂಥೋರ ಬದುಕು ಬದಲಾಯಿಸಿದ್ದು ಕಾರು. ಅದ್ರ ಮೇಲೊಂದು ವಿಶೇಷ ಸಂಚಿಕೆ ತನ್ನಿ."

ಅಪ್ಪ ಉಳ್ಕೊಂಡ್ರಲ್ಲ ಮಾರಾಯ್ರೆ, ಅದಕ್ಕಿಂತ ದೊಡ್ಡದು ಏನಿದೆ. ಆ ರಾತ್ರಿ ಕಾರಿಲ್ದಿದ್ರೆ ಕಷ್ಟ ಇತ್ತು, ಒಪ್ಪಿದೆ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬರೋ ತನಕ ಕಾರಿಗೆ ಬುಕ್ ಮಾಡಿ ವರ್ಷಗಟ್ಲೆ ಕಾಯ್ಬೇಕಿತ್ತು, ಮೇಷ್ಟ್ರ ಮನೆ, ಗುಮಾಸ್ತರ ಮನೆ ಮುಂದೆ ಕಾರು ನಿಂತಿದ್ದು ಆಮೇಲೇ, ಅದನ್ನೂ ಒಪ್ತೀನಿ. ಆದ್ರೆ "ನಮ್ಮಂಥೋರು" ಅಂತೀರಲ್ಲ, ನಿಮ್ಮೂರಲ್ಲಿ ಎಷ್ಟು ಮನೆ ಲೆಕ್ಕಕ್ಕೆ ತಗೊಂಡ್ರಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಲಿ ಇಡೀ ದೇಶದಲ್ಲಿ ಕಾರಿರೋ ಮನೆ ನೂರಕ್ಕೆ ಎಂಟೂ ಇಲ್ಲ. ಉಳಿದೋರಿಗೆ ಮೋಟಾರು ಅಂದ್ರೆ ಬಸ್ಸು, ಅವತ್ತೂ ಇವತ್ತೂ.

ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲ್‌ಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿ, ಅದ್ರಿಂದ ಏಳೋ ಗ್ಯಾಸಲ್ಲಿ ಇಂಜಿನ್ ಓಡಿಸ್ತಿದ್ರು. ಬೆಳಗಿನ ಜಾವ ಕ್ಲೀನರ್ ಎದ್ದು ಹ್ಯಾಂಡಲ್ ತಿರುಗಿಸಿ ಗಾಳಿ ಹಾಕ್ತಾ ಗ್ಯಾಸ್ ಏಳೋ ತನಕ ಕಾಯ್ಬೇಕು, ಏರು ಬಂದ್ರೆ ಜನ ಇಳಿದು ತಳ್ಳಬೇಕು, ಆದ್ರೂ ಬಸ್ ನಿಲ್ಲಿಸ್ಲಿಲ್ಲ. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ಕ್ಕೆ 120 ಬಸ್ ಇಟ್ಕೊಂಡು ಸಾರಿಗೆ ಇಲಾಖೆ ಶುರು ಮಾಡ್ತು, ಇವತ್ತಿನ ಕೆಎಸ್ಆರ್‌ಟಿಸಿ ಬೆಳೆದಿದ್ದು ಅಲ್ಲಿಂದ.

ನಾನು ಧಾರವಾಡದಲ್ಲಿ ಓದೋವಾಗ ಹಾಸ್ಟೆಲ್ ಹುಡುಗರಿಗೆ ಹಳ್ಳಿಯಿಂದ ಬುತ್ತಿ ಬರ್ತಿತ್ತು, ಬಸ್ಸಲ್ಲೇ. ಬಿಳಿ ಬಟ್ಟೆಲಿ ಗಂಟು ಕಟ್ಟಿ, ಮೇಲೆ ಪೆನ್ನಲ್ಲಿ ಹೆಸರು ಬರೆದು, ಅವ್ವ ಕಂಡಕ್ಟರ್ ಕೈಗೆ ಕೊಟ್ರೆ ಡ್ರೈವರ್ ಪಕ್ಕ ಬಾನೆಟ್ ಮೇಲೆ ಸಾಲಾಗಿ ಇಡ್ತಿದ್ರು. ಒಳಗೆ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಇಂಜಿನ್ ಕಾವಿಗೆ ಇನ್ನೂ ಬೆಚ್ಚಗೆ ಇರೋದು. ಹೋಟೆಲ್ ಊಟಕ್ಕೆ ದುಡ್ಡಿಲ್ದ ಎಷ್ಟೋ ಹುಡುಗರು ಡಿಗ್ರಿ ಮುಗಿಸಿದ್ದು ಆ ಬುತ್ತಿ ಮೇಲೆ. ನಮ್ಮ ಕಡೆ ವಿದ್ಯಾಭ್ಯಾಸದ ಇತಿಹಾಸ ಬರೆಯೋರು ಯಾರೂ ಆ ಕಂಡಕ್ಟರ್‌ಗಳ ಹೆಸರು ಎತ್ತಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು.

ನೀವಂತೂ ಮಲೆನಾಡಿನೋರು, ಕೊಪ್ಪದ ಸಹಕಾರ ಸಾರಿಗೆ ನಿಮಗೆ ಗೊತ್ತಿಲ್ದೇ ಇರತ್ತಾ? ಖಾಸಗಿ ಕಂಪನಿ ಬಾಗಿಲು ಹಾಕಿದಾಗ ಕೆಲಸ ಹೋದ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳೇ ಸೇರ್ಕೊಂಡು 1991ರಲ್ಲಿ ಸಂಘ ಕಟ್ಟಿ ತಾವೇ ಮಾಲೀಕರಾದ್ರು. ಬೇರೆ ಯಾರೂ ಕಾಲಿಡದ ಕೊರಕಲು ರಸ್ತೆಗೂ ಬಸ್ ಬಿಟ್ರು. 2020ರಲ್ಲಿ ಅದು ನಿಂತೋಯ್ತು. ಡೀಸೆಲ್, ತೆರಿಗೆ, ಇನ್ಶೂರೆನ್ಸ್ ಎಲ್ಲಾ ಏರ್ತಾ ಹೋಯ್ತು, ಜನ ಬೈಕು ಕಾರು ತಗೊಂಡ ಹಾಗೆ ಸೀಟು ಖಾಲಿಯಾಯ್ತು. ಕಾರು ಬೈಕಿದ್ದೋರು ಹೇಗೋ ಓಡಾಡ್ಕೊಂಡ್ರು, ಕೂಲಿಗೆ ಹೋಗೋ ಹೆಂಗಸರು, ಕಾಲೇಜು ಹುಡುಗೀರು ದಾರೀಲಿ ಉಳಿದ್ರು.

ಇದು ನಮ್ಮೊಬ್ಬರ ಕಥೆ ಅಲ್ಲ. ಲಾಸ್ ಏಂಜಲೀಸ್‌ ಸುತ್ತ ಒಂದ್ಕಾಲಕ್ಕೆ ಪೆಸಿಫಿಕ್ ಎಲೆಕ್ಟ್ರಿಕ್ ಅನ್ನೋ ಕರೆಂಟು ರೈಲು ಕಂಪನಿಯ ಸಾವಿರ ಮೈಲಿಗೂ ಹೆಚ್ಚು ಹಳಿ ಇತ್ತು, 1961ರಲ್ಲಿ ಅದ್ರ ಕೊನೇ ರೈಲೂ ನಿಂತಿತು. ಊರು ಕಾರಿಗೆ ತಕ್ಕ ಹಾಗೆ ಹರಡ್ಕೊಂಡು, ಅಂಗಡಿ ಒಂದು ಕಡೆ ಸ್ಕೂಲು ಒಂದು ಕಡೆ ಆಗಿ, ಕಾರಿಲ್ದೇ ಹಾಲು ತರೋಕೂ ಆಗದ ಬಡಾವಣೆಗಳು ಹುಟ್ಟಿದ್ವು. ನಾವೂ ಅದೇ ದಾರಿ ಹಿಡಿದಿದ್ದೀವಿ. ರಸ್ತೆ ಅಗಲ ಮಾಡೋದು ಅಂದ್ರೆ ಮೊದ್ಲು ಸಾಲುಮರ, ಆಮೇಲೆ ಫುಟ್‌ಪಾತು, ಉಳಿದ ಚೂರಲ್ಲಿ ಕಾರು ಪಾರ್ಕಿಂಗು, ಅಜ್ಜಿ ಮೊಮ್ಮಗು ಕೈ ಹಿಡ್ಕೊಂಡು ನಡು ರಸ್ತೆಲಿ ನಡೀಬೇಕು! 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತೋರು 1,68,491 ಜನ, ಅದ್ರಲ್ಲಿ 32 ಸಾವಿರಕ್ಕೂ ಜಾಸ್ತಿ ಜನ ಬರೀ ನಡ್ಕೊಂಡು ಹೋಗ್ತಿದ್ದೋರು. ಇದಕ್ಕೆ ಯಾವ ಸಚಿವರ ಕುರ್ಚಿ ಅಲ್ಲಾಡ್ತು ಹೇಳಿ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಹೆಂಗಸರು ಬಸ್ ತುಂಬ್ಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದನ್ನ ಎಷ್ಟೋ ಜನ ಆಡ್ಕೊಂಡ್ರು. ಯಾರ ಹತ್ರಾನೂ ದುಡ್ಡು ಕೇಳ್ದೇ, ಯಾರ ಬೈಕ್ ಹಿಂದೆನೂ ಕೂರ್ದೇ ಮನೆಯಿಂದ ಹೊರಡೋದು ಅಂದ್ರೆ ಏನು ಅಂತ ಆಡ್ಕೊಂಡೋರಿಗೆ ಗೊತ್ತಿಲ್ಲ. ನನಗೆ ಸಿಟ್ಟಿರೋದು ಬೇರೆ, ಜನ ಹೆಚ್ಚಾದ ಹಾಗೆ ಬಸ್ ಹೆಚ್ಚಲಿಲ್ಲ, ಸ್ಕೂಲ್ ಮಕ್ಕಳು ಫುಟ್‌ಬೋರ್ಡ್ ಮೇಲೆ ನೇತಾಡ್ತಿದ್ದಾರೆ.

ವಿಶೇಷ ಸಂಚಿಕೆ ತರೋದಾದ್ರೆ ನಿಂತುಹೋದ ಬಸ್ಸುಗಳ ಮೇಲೆ ತರ್ತೀನಿ. ನೀವು ಚೆನ್ನಾಗಿ ಬರೀತೀರಿ, ಹೊಗಳಿಕೆಗೆ ಹೇಳ್ತಿಲ್ಲ. ನಿಮ್ಮ ತಾಲೂಕಲ್ಲಿ ಯಾವ ಊರಿಗೆ ಸಂಜೆ ಬಸ್ ತಪ್ಪಿದೆ, ಅಲ್ಲಿಯ ಹುಡುಗೀರು ಈಗ ಕಾಲೇಜಿಗೆ ಹೇಗೆ ಹೋಗ್ತಾರೆ, ಕೇಳಿ ಬರೆದು ಕಳಿಸಿ. 25ನೇ ತಾರೀಖಿನ ಒಳಗೆ ಬಂದ್ರೆ ಮುಂದಿನ ಸಂಚಿಕೆಲೇ ಹಾಕ್ತೀವಿ.

– ಸಂ.