ಬೋಟ್ ಇಂಜಿನ್ ಟೆಂಪರೇಚರ್ ಜಾಸ್ತಿ, ಆಯಿಲ್ ಪ್ರೆಶರ್ ಕಮ್ಮಿ ತೋರಿಸುತ್ತಿದೆ. ತಪ್ಪು ಮೀಟರಿನದೋ, ಇಂಜಿನ್‌ದೋ?

ನೀವು ಕೇಳಿರುವುದು ಇಷ್ಟು. ಮಂಗಳೂರಿನ ಕಡೆಯಿಂದ ಹಳೇ ಡೀಸೆಲ್ ಬೋಟ್ ತಂದು ಹೇಮಾವತಿ ಹಿನ್ನೀರಿಗೆ ಇಳಿಸಿದ್ದೀರಿ. ಹೊರಟ ಕಾಲು ಗಂಟೆಗೆ ಟೆಂಪರೇಚರ್ ಮುಳ್ಳು 100ರ ಹತ್ತಿರ ಹೋಗುತ್ತದೆ. ಐಡಲ್‌ಗೆ ತಂದರೆ ಆಯಿಲ್ ಪ್ರೆಶರ್ ಅರ್ಧ ಕೆಜಿಗೆ (ಚದರ ಸೆಂಟಿಮೀಟರಿಗೆ) ಇಳಿಯುತ್ತದೆ. ಒಬ್ಬ ಮೆಕ್ಯಾನಿಕ್ ಇಂಜಿನ್ ಇಳಿಸಿ ಬೇರಿಂಗ್ ಹಾಕಬೇಕು ಅಂದಿದ್ದಾರೆ, ಇನ್ನೊಬ್ಬರು ಮೀಟರ್ ಕೆಟ್ಟಿದೆ ಬಿಡಿ ಅಂದಿದ್ದಾರೆ. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ಸದ್ಯಕ್ಕೆ ಇಬ್ಬರದ್ದೂ ಕೇಳಬೇಡಿ. ನಾನು ಹಾಸನದಲ್ಲಿ ಡೀಸೆಲ್ ಇಂಜಿನ್ ಕೆಲಸ ಮಾಡುವವನು. ಜಾಸ್ತಿ ಬರುವುದು ಕಾಫಿ ತೋಟದ ಸ್ಪ್ರಿಂಕ್ಲರ್ ಇಂಜಿನ್‌ಗಳು, ಬೋಟಿನವು ವರ್ಷಕ್ಕೆ ನಾಲ್ಕೈದು. ಕೆಲವು ವರ್ಷದ ಹಿಂದೆ ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಹೂವಿಗೆ ನೀರು ಕೊಡುವ ಟೈಮಿನಲ್ಲಿ ಆಯಿಲ್ ಮೀಟರಿನ ಮುಳ್ಳು ಕೆಳಗೆ ಬಿದ್ದಿದೆ ಅಂತ ಫೋನ್ ಬಂತು. ಆ ಮೀಟರ್ ಮೊದಲೂ ಎರಡು ಸಲ ಕೆಟ್ಟಿತ್ತು. ಮೀಟರೇ ಇರಬೇಕು, ಓಡಿಸಿ, ಬೆಳಿಗ್ಗೆ ಬರುತ್ತೇನೆ ಅಂದೆ. ಬೆಳಿಗ್ಗೆ ಹೋದಾಗ ಇಂಜಿನ್ ಜಾಮ್ ಆಗಿತ್ತು. ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್ ಬಿಚ್ಚಿದರೆ ತಳದಲ್ಲಿ ಬೇರಿಂಗ್‌ನ ಲೋಹ ಬೆಳ್ಳಿ ಪುಡಿಯ ಹಾಗೆ ಮಿನುಗುತ್ತಿತ್ತು. ಅವತ್ತಿನಿಂದ ಎರಡನೇ ಮೀಟರ್ ಹಾಕಿ ನೋಡದೆ ನಾನು ಯಾವ ಮೀಟರನ್ನೂ ಸುಳ್ಳು ಅನ್ನುವುದಿಲ್ಲ. ನಿಜ ಅಂತಲೂ ಅನ್ನುವುದಿಲ್ಲ.

ನಿಮ್ಮ ಬೋಟಿನಲ್ಲಿ ಎರಡು ಮುಳ್ಳೂ ಒಟ್ಟಿಗೆ ಕೆಡುತ್ತಿವೆ. ಹೀಗಾಗಲು ಮುಖ್ಯವಾದ ದಾರಿ ಎರಡು. ಒಂದು, ಇಂಜಿನ್ ನಿಜವಾಗಿಯೂ ಕಾಯುತ್ತಿದೆ. ತಣ್ಣಗಿದ್ದಾಗ ಜೋನಿಬೆಲ್ಲದ ಹಾಗಿರುವ ಆಯಿಲ್ ಕಾದ ಮೇಲೆ ತೆಳ್ಳಗಾಗುತ್ತದೆ, ಪ್ರೆಶರ್ ತಾನಾಗಿಯೇ ಇಳಿಯುತ್ತದೆ. ಹಾಗಿದ್ದರೆ ರೋಗ ಒಂದೇ ಇರಬಹುದು, ಬೇರಿಂಗ್‌ಗೆ ಈಗಲೇ ಕೈ ಹಾಕುವುದು ಬೇಡ. ಇನ್ನೊಂದು, ಎರಡು ಮೀಟರಿಗೂ ಸೇರಿದ ಅರ್ಥಿಂಗ್ ತಂತಿ ಕೆಟ್ಟಿದೆ.

ಇವೆರಡನ್ನು ಬೇರೆ ಮಾಡಲು ಮುಳ್ಳು ಹೇಗೆ ಚಲಿಸುತ್ತದೆ ಅಂತ ನೋಡಿ. ಬಿಸಿ ಯಾವತ್ತೂ ಜಿಗಿಯುವುದಿಲ್ಲ. ಅಷ್ಟು ಕಬ್ಬಿಣ, ಅಷ್ಟು ನೀರು ಕಾಯಲು ಹೊತ್ತು ಬೇಕಲ್ವಾ? ಟೆಂಪರೇಚರ್ ನಿಧಾನಕ್ಕೆ ಏರಿ, ಅದರ ಹಿಂದೆಯೇ ಪ್ರೆಶರ್ ನಿಧಾನಕ್ಕೆ ಇಳಿದರೆ ಇಂಜಿನ್ ಮೇಲೆ ಅನುಮಾನ ಪಡಿ. ಲೈಟ್ ಹಾಕಿದಾಗಲೋ, ಬೋಟಿನ ತಳದ ನೀರೆತ್ತುವ ಪಂಪ್ ಶುರುವಾದಾಗಲೋ ಎರಡೂ ಮುಳ್ಳು ಒಮ್ಮೆಲೇ ಸರಿದರೆ ಅದು ಕರೆಂಟಿನ ಕೆಲಸ. ನೀವು ಬರೆದಿರುವುದು ನೋಡಿದರೆ ಕಾಲು ಗಂಟೆ ಹಿಡಿಯುತ್ತಿದೆ, ಹಾಗಾಗಿ ನನ್ನ ಮನಸ್ಸು ಇಂಜಿನ್ ಕಡೆಗೇ ವಾಲುತ್ತದೆ. ಆದರೂ ತಂತಿ ನೋಡಿಬಿಡಿ, ಅರ್ಧ ಗಂಟೆಯ ಕೆಲಸ. ಉಪ್ಪು ನೀರಿನಿಂದ ಬಂದ ಬೋಟ್, ಟರ್ಮಿನಲ್‌ಗಳಲ್ಲಿ ಹಸಿರು ಕಿಲುಬು ಇಲ್ಲದೇ ಇರುವುದಿಲ್ಲ.

ಇಂಜಿನ್ ಓಡುತ್ತಿರುವಾಗ, ಲೈಟು ಪಂಪು ಎಲ್ಲಾ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿನ ಕೆರೆದ ಲೋಹಕ್ಕೆ ಇಡಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಆ ದಪ್ಪ ತಂತಿಯನ್ನು ಬಿಚ್ಚಿ, ಎರಡೂ ತುದಿ ಉಜ್ಜಿ ಬಿಗಿ ಮಾಡಿ. ಆಲ್ಟರ್ನೇಟರಿನ ಚಾರ್ಜಿಂಗ್ ಕರೆಂಟ್ ಅದೇ ದಾರಿಯಲ್ಲಿ ಓಡಾಡುತ್ತದೆ. ದಾರಿ ಕೆಟ್ಟರೆ ಎರಡು ಮೀಟರಿನ ಲೆಕ್ಕವೂ ತಪ್ಪುತ್ತದೆ.

ಆಮೇಲೆ ಸೆಂಡರ್, ಅಂದರೆ ಇಂಜಿನ್‌ನಲ್ಲಿ ಕೂತು ಬಿಸಿಯನ್ನೋ ಪ್ರೆಶರನ್ನೋ ಅಳೆದು ತಂತಿಯಲ್ಲಿ ಮೀಟರಿಗೆ ತಿಳಿಸುವ ಭಾಗ. ಟೆಂಪರೇಚರ್ ಸೆಂಡರಿನ ತಂತಿ ತೆಗೆದರೆ ಮುಳ್ಳು ತಣ್ಣಗಿನ ತುದಿಗೆ ಹೋಗಬೇಕು, ತಂತಿಯನ್ನು ಒಂದು ಕ್ಷಣ ಬ್ಲಾಕಿಗೆ ಮುಟ್ಟಿಸಿದರೆ ಬಿಸಿಯ ತುದಿಗೆ ಓಡಬೇಕು. ಹೋದರೆ ಮೀಟರ್, ತಂತಿ ಎರಡೂ ಬದುಕಿವೆ ಅಂತ ಅರ್ಥ. ಆಯಿಲ್ ಸೆಂಡರಿನಲ್ಲಿ ಸ್ವಲ್ಪ ಹುಷಾರು, ಅದರಲ್ಲಿ ಎರಡು ಜಾತಿ ಇದೆ. ಇಂಜಿನ್ ನಿಂತಿರುವಾಗ ತಂತಿ ತೆಗೆದು ಓಮ್ ಅಳೆಯಿರಿ. ಸುಮಾರು 10 ಬಂದರೆ ಯುರೋಪಿನ ಜಾತಿ, 240ರ ಹತ್ತಿರ ಬಂದರೆ ಅಮೆರಿಕದ್ದು. ಹಳೇ ಬೋಟುಗಳಲ್ಲಿ ಸಿಕ್ಕಿದ ಸೆಂಡರನ್ನು ಸಿಕ್ಕಿದ ಮೀಟರಿಗೆ ಜೋಡಿಸಿರುತ್ತಾರೆ. ಹಾಗೆ ಜೋಡಿಸಿದರೆ ಮುಳ್ಳು ಏನು ಹೇಳಿದರೂ ಅದಕ್ಕೆ ಬೆಲೆ ಇಲ್ಲ.

ಟೆಂಪರೇಚರ್ ಸೆಂಡರನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡುವವರೂ ಇದ್ದಾರೆ, ಒಳ್ಳೆಯ ಉಪಾಯ. ಆದರೆ ಹೇಮಾವತಿಯ ಗೊರೂರು ಡ್ಯಾಮ್ ತುಂಬಿದಾಗ ನೀರು ನಿಲ್ಲುವುದೇ ಸಮುದ್ರಕ್ಕಿಂತ ಸುಮಾರು 890 ಮೀಟರ್ ಎತ್ತರದಲ್ಲಿ. ನಮ್ಮ ಕಡೆ ನೀರು ಕುದಿಯುವುದು 97 ಡಿಗ್ರಿ ಹತ್ತಿರ. ಮುಳ್ಳು 97 ತೋರಿಸಿದರೆ ಮೀಟರ್ ತಪ್ಪು ಅನ್ನಬೇಡಿ, ಅದೇ ಸರಿ.

ಕೊನೆಯ ತೀರ್ಪು ಎರಡನೇ ಅಳತೆಯಿಂದಲೇ ಬರಬೇಕು. ಆಯಿಲ್ ಸೆಂಡರ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಪ್ರೆಶರ್ ಗೇಜ್ ಹಾಕಿಸಿ. ತಂತಿ ಇಲ್ಲ, ಕರೆಂಟ್ ಇಲ್ಲ, ಆಯಿಲ್ ನೇರವಾಗಿ ಮುಳ್ಳನ್ನು ತಳ್ಳುತ್ತದೆ. ಪ್ರತಿ 1000 ಆರ್‌ಪಿಎಂಗೆ ಸುಮಾರು 0.7 ಕೆಜಿ ಇರಬೇಕು ಅನ್ನುವುದು ನಾವು ಕೈಲೆಕ್ಕಕ್ಕೆ ಹಿಡಿಯುವ ಮಾತು, ಸರಿಯಾದ ಅಂಕಿ ನಿಮ್ಮ ಇಂಜಿನ್‌ನ ಪುಸ್ತಕದಲ್ಲೇ ಇರುತ್ತದೆ. ಆ ಲೆಕ್ಕದಲ್ಲಿ, ಕಾದ ಇಂಜಿನ್ ಐಡಲ್‌ನಲ್ಲಿ ಅರ್ಧ ಕೆಜಿ ತೋರಿಸುವುದು ಅಷ್ಟೇನೂ ಭಯಂಕರ ಅಲ್ಲ. ಟೆಂಪರೇಚರಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ತನ್ನಿ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ನಡೆಯಲ್ಲ. ಇಂಜಿನ್ ನೀರಿನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೂತಿರುವ ಭಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಹಿಡಿಯಿರಿ. ಹೊಳೆಯುವ ಲೋಹಕ್ಕೆ ಹಿಡಿದರೆ ಕಮ್ಮಿ ತೋರಿಸುತ್ತದೆ.

ಅದೂ 95 ದಾಟಿದರೆ ನೀರಿನ ದಾರಿ ಹುಡುಕಬೇಕು. ಸೈಲೆನ್ಸರಿನಲ್ಲಿ ಹೊರಗೆ ಬೀಳುವ ನೀರು ನೋಡಿ, ಕಮ್ಮಿಯಾಗಿ ಹಬೆ ಜಾಸ್ತಿ ಇದೆಯಾ? ಬೇಸಿಗೆಯಲ್ಲಿ ಶೆಟ್ಟಿಹಳ್ಳಿ ಚರ್ಚಿನ ಸುತ್ತ ನೆಲ ಕಾಣುವ ಹೊತ್ತಿಗೆ ಹಿನ್ನೀರಿನಲ್ಲಿ ಆಳ ಇರುವುದಿಲ್ಲ, ಬೋಟ್ ಕೆಸರನ್ನೇ ಎಳೆಯುತ್ತದೆ. ಒಳಗೆ ಬರುವ ನೀರನ್ನು ಸೋಸುವ ಸ್ಟ್ರೈನರ್ ತೊಳೆಯಿರಿ. ನಂತರ ನೀರಿನ ಪಂಪಿನ ಮುಚ್ಚಳ ಬಿಚ್ಚಿ ನೀರು ತಳ್ಳುವ ರಬ್ಬರ್ ಚಕ್ರದ, ಅಂದರೆ ಇಂಪೆಲ್ಲರಿನ ರೆಕ್ಕೆ ಎಣಿಸಿ. ಹೋದ ವರ್ಷ ನನ್ನ ಹತ್ತಿರ ಬಂದ ಒಂದು ಬೋಟಿನಲ್ಲಿ ಎರಡು ರೆಕ್ಕೆ ಇರಲಿಲ್ಲ. ಇಂಪೆಲ್ಲರ್ ಹೊಸದು ಹಾಕಿದರೂ ಬಿಸಿ ಇಳಿಯಲಿಲ್ಲ. ಹೊರಗಿನ ನೀರಿನಿಂದ ಇಂಜಿನ್ ನೀರನ್ನು ತಣ್ಣಗೆ ಮಾಡುವ ಹೀಟ್ ಎಕ್ಸ್‌ಚೇಂಜರಿನ ಮುಚ್ಚಳ ತೆಗೆದಾಗ ಆ ಎರಡು ತುಂಡೂ ಕೊಳವೆಗಳ ಬಾಯಿಗೆ ಅಡ್ಡ ಕೂತಿದ್ದವು, ಅವುಗಳ ಹಿಂದೆ ಸಮುದ್ರದ ಉಪ್ಪು ಬಿಳಿ ಪದರ ಕಟ್ಟಿತ್ತು. ರೆಕ್ಕೆ ಮುರಿದಿದ್ದರೆ ತುಂಡು ಸಿಗುವ ತನಕ ಹುಡುಕಿ. ಐಡಲ್‌ನಲ್ಲಿ ತಣ್ಣಗಿದ್ದು ವೇಗ ಹೆಚ್ಚಿದಾಗ ಮಾತ್ರ ಕಾದರೆ ಈ ಕಡೆಯೇ ಮೊದಲು ನೋಡಿ.

ಡಿಪ್‌ಸ್ಟಿಕ್ ಎಳೆದು ನೋಡುವುದನ್ನೂ ಮರೆಯಬೇಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ನೀರು ಸೇರಿದೆ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೇರಿ ತೆಳ್ಳಗಾಗಿದೆ, ಪ್ರೆಶರ್ ಇಳಿಯಲು ಅದೊಂದೇ ಸಾಕು. ಎರಡರಲ್ಲಿ ಯಾವುದಿದ್ದರೂ ಇಂಜಿನ್ ಸ್ಟಾರ್ಟ್ ಮಾಡಬೇಡಿ.

ಓಡುವಾಗ ಪ್ರೆಶರ್ ಸೊನ್ನೆಗೆ ಬಿದ್ದರೆ ಆ ಕ್ಷಣವೇ ಆಫ್ ಮಾಡಿ, ದಡ ಎಷ್ಟು ದೂರ ಇದ್ದರೂ ಸರಿ. ಇದು ಬಗೆಹರಿಯುವ ತನಕ ಬೋಟಿನಲ್ಲಿ ಹುಟ್ಟು ಮತ್ತು ಲಂಗರು ಇರಲಿ, ಪ್ರವಾಸಿಗರನ್ನು ಕೂರಿಸಬೇಡಿ. ಮೆಕ್ಯಾನಿಕಲ್ ಗೇಜಿನ ಅಂಕಿಯನ್ನು ತಣ್ಣಗಿದ್ದಾಗ ಒಂದು, ಕಾದ ಮೇಲೆ ಐಡಲ್‌ನಲ್ಲಿ ಒಂದು, 2000 ಆರ್‌ಪಿಎಂನಲ್ಲಿ ಒಂದು, ಹೀಗೆ ಮೂರು ಸಲ ಬರೆದು ಇಲ್ಲೇ ಹಾಕಿ. ಬೇರಿಂಗ್ ವಿಷಯ ಅದನ್ನು ನೋಡಿಯೇ ಹೇಳುತ್ತೇನೆ.